ಕಲಘಟಗಿಯ ಬಣ್ಣದ ತೊಟ್ಟಿಲು: ಐದು ತಿಂಗಳು ತೂಗಿದ ಮೇಲೆ

ಹುಬ್ಬಳ್ಳಿಯಿಂದ ಕಾರವಾರದ ರಸ್ತೆ ಹಿಡಿದು ಸುಮಾರು 30 ಕಿ.ಮೀ. ಹೋದರೆ ಸಿಗುವ ಕಲಘಟಗಿಯ ಹೆಸರು ನಮ್ಮ ಭಾಗದ ಮನೆಗಳಲ್ಲಿ ಬರುವುದು ಹೆಚ್ಚಾಗಿ ತೊಟ್ಟಿಲಿನ ಮಾತು ಎದ್ದಾಗ. ಸಾಗವಾನಿ ಕಟ್ಟಿಗೆಯಲ್ಲಿ ಮಾಡಿ, ಬದಿಯ ಹಲಗೆಗಳ ಮೇಲೆ ಕೃಷ್ಣನ ಬಾಲಲೀಲೆಯನ್ನೋ ರಾಮಾಯಣದ ಪ್ರಸಂಗಗಳನ್ನೋ ಕೈಯಿಂದಲೇ ಬರೆದ ಆ ತೊಟ್ಟಿಲನ್ನು ಒಮ್ಮೆ ಮಾಡಿಸಿದವರು ಮೊಮ್ಮಕ್ಕಳ ಕಾಲದವರೆಗೆ ಇಟ್ಟುಕೊಳ್ಳುತ್ತಾರೆ, ಬಂಧುಬಳಗದಲ್ಲಿ ಹೆರಿಗೆಯಾದ ಮನೆಯಿಂದ ಮನೆಗೆ ಅದು ಸಾಗುತ್ತಲೇ ಇರುತ್ತದೆ. ನನ್ನ ಚೊಚ್ಚಿಲ ಬಾಣಂತನಕ್ಕೆ ಹುಬ್ಬಳ್ಳಿಯ ತವರಿನವರು ಹೊಸದೊಂದನ್ನು ಮಾಡಿಸಿದರು. ಅದರ ಚಂದವನ್ನು ಹೊಗಳಿದವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ರಾತ್ರಿ ಎರಡು ಗಂಟೆಗೆ ಎದ್ದು ಅಳುವ ಹಸುಗೂಸನ್ನು ಮಲಗಿಸುವ ಸಾಧನವಾಗಿ ಅದು ಹೇಗಿದೆ ಎಂದು ತಿಳಿಯಬೇಕೆಂದಾಗ ನನಗೆ ಸಿಕ್ಕಿದ್ದು ಬರಿಯ ಹಬ್ಬದ ಫೋಟೋಗಳು. ಆದ್ದರಿಂದ ಐದು ತಿಂಗಳು ಬಳಸಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮಾಡಿಸುವ ಸಮಯದ ಮಾತು, ಏಕೆಂದರೆ ನಾವು ಎಡವಿದ್ದು ಅಲ್ಲಿಯೇ. ಏಳನೆಯ ತಿಂಗಳಲ್ಲಿ ಕುಬಸ (ಸೀಮಂತ) ಮುಗಿದ ಮೇಲೆ ಹಾವೇರಿಯಿಂದ ತವರಿಗೆ ಬಂದೆ. ತೊಟ್ಟಿಲಿಗೆ ಮುಂಗಡ ಕೊಟ್ಟಿದ್ದು ಅದರ ಮರುವಾರ. ಎರಡು ತಿಂಗಳಲ್ಲಿ ಕೊಡುತ್ತೇವೆ ಎಂದವರು ಕೊಟ್ಟಿದ್ದು ಕೂಸು ಹುಟ್ಟಿದ ಒಂಬತ್ತನೆಯ ದಿನಕ್ಕೆ, ತೊಟ್ಟಿಲಿಗೆ ಹಾಕುವ ಕಾರ್ಯಕ್ರಮಕ್ಕೆ ಮೂರು ದಿನ ಉಳಿದಿದ್ದಾಗ. ಕೈಕೆಲಸಕ್ಕೆ ತಡವಾಗುವುದು ಸಹಜ ಎಂದು ಒಪ್ಪಿಕೊಳ್ಳಬಹುದು, ಆದರೆ ಬಂದ ತೊಟ್ಟಿಲಿನಿಂದ ಇನ್ನೂ ಬಣ್ಣದ ವಾಸನೆ ಹೊಡೆಯುತ್ತಿತ್ತು. ಕಾರ್ಯಕ್ರಮದ ದಿನ ಹಾಡು ಮುಗಿಯುವವರೆಗೆ ಮಾತ್ರ ಕೂಸನ್ನು ಅದರಲ್ಲಿ ಮಲಗಿಸಿ, ಆಮೇಲೆ ಪಡಸಾಲೆಯ ಗಾಳಿಗೆ ಮೂರು ವಾರ ಬಿಟ್ಟೆವು. ಬೇಗ ಹೇಳಲು ನಮ್ಮ ಆಯಿ (ಅಜ್ಜಿ) ಒಪ್ಪಿರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎಂಬುದು ಅವರ ವಾದ. ಆ ನಂಬಿಕೆಯನ್ನು ಮುರಿಯದೆಯೂ ಕೆಲಸ ಸಾಧಿಸಬಹುದಿತ್ತು: ಐದನೆಯ ತಿಂಗಳಲ್ಲಿಯೇ ಹೇಳಿ, ಸಿದ್ಧವಾದುದನ್ನು ಅವರ ಅಂಗಡಿಯಲ್ಲಿಯೇ ಒಣಗಲು ಬಿಟ್ಟು, ಹೆರಿಗೆಯಾದ ಮೇಲೆ ತರಿಸಿಕೊಳ್ಳುವುದು. ಮುಂದೆ ಮಾಡಿಸುವವರಿಗೆ ನಾನು ಕೊಡುವ ಮೊದಲ ಸಲಹೆ ಇದೇ.

ಚಿತ್ರಗಳನ್ನು ಆರಿಸಲು ಎಂಟನೆಯ ತಿಂಗಳಲ್ಲಿ ನಾನೇ ಕಲಘಟಗಿಗೆ ಹೋಗಿದ್ದೆ. ಹೋಗುವ ಮೊದಲು ವೈದ್ಯರನ್ನು ಕೇಳಿದ್ದೆ. ಸೀಟ್‌ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಮೇಲೆ ಬಾರದೆ ಕೆಳಗೆ ತೊಡೆಸಂದಿಯಲ್ಲಿ ಕೂರಬೇಕು, ಮೇಲಿನ ಪಟ್ಟಿ ಎದೆಯ ನಡುವೆ ಹಾದುಹೋಗಬೇಕು, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂರದೆ ನಡುವೆ ಇಳಿದು ನಾಲ್ಕು ಹೆಜ್ಜೆ ನಡೆಯಬೇಕು ಎಂದು ಅವರು ಹೇಳಿದ್ದರು. ಜೊತೆಗೆ ಅವರು ಕೇಳಿದ ಇನ್ನೊಂದು ಪ್ರಶ್ನೆ ತೊಟ್ಟಿಲಿಗಿಂತ ಮುಖ್ಯವಾಗಿತ್ತು: ಹಾವೇರಿಯಲ್ಲಿ ಮಾಡಿಸಿದ ಪರೀಕ್ಷೆಗಳ ಕಾಗದಗಳೆಲ್ಲ ಎಲ್ಲಿವೆ? ನಮ್ಮ ಕಡೆ ಚೊಚ್ಚಿಲು ತವರಿನಲ್ಲಿಯೇ ಆಗಬೇಕೆಂಬ ರೂಢಿಯಿಂದ, ಏಳೆಂಟು ತಿಂಗಳು ಒಂದು ಊರಿನ ವೈದ್ಯರ ಕೈಯಲ್ಲಿದ್ದ ಗರ್ಭಿಣಿ ಕೊನೆಯ ಗಳಿಗೆಯಲ್ಲಿ ಇನ್ನೊಂದು ಊರಿನ ಆಸ್ಪತ್ರೆಗೆ ಬರುತ್ತಾಳೆ. ತಾಯಿ ಕಾರ್ಡ್, ಸ್ಕ್ಯಾನಿಂಗ್‌ ವರದಿಗಳು, ರಕ್ತದ ಗುಂಪು ಮತ್ತು ಹಿಮೋಗ್ಲೋಬಿನ್‌ ಪ್ರಮಾಣದ ಚೀಟಿಗಳು ಒಂದೇ ಫೈಲಿನಲ್ಲಿ ಅವಳೊಂದಿಗೆ ಬರದಿದ್ದರೆ ಹೊಸ ಆಸ್ಪತ್ರೆಯವರು ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಬಾಣಂತಿ ಕೋಣೆ ಸಜ್ಜುಗೊಳಿಸುವ ಸಂಭ್ರಮದಲ್ಲಿ ನಮ್ಮ ಮನೆಯಲ್ಲಿಯೂ ಆ ಫೈಲು ಹಾವೇರಿಯ ಕಪಾಟಿನಲ್ಲಿಯೇ ಉಳಿದಿತ್ತು. ಮಾವನವರು ಮರುದಿನ ಬಸ್ಸಿನಲ್ಲಿ ತಂದುಕೊಟ್ಟರು.

ಆ ದಿನಗಳಲ್ಲಿ ನನ್ನ ನಿದ್ದೆಯೂ ಕೆಟ್ಟಿತ್ತು. ಗರ್ಭಕ್ಕೆ 28 ವಾರ ತುಂಬಿದ ಮೇಲೆ ಅಂಗಾತ ಮಲಗದೆ ಮಗ್ಗುಲಾಗಿ ಮಲಗಬೇಕು, ಏಕೆಂದರೆ ಬೆಳೆದ ಗರ್ಭಕೋಶದ ಭಾರ ಬೆನ್ನುಮೂಳೆಯ ಪಕ್ಕದ ದೊಡ್ಡ ರಕ್ತನಾಳಗಳ ಮೇಲೆ ಬಿದ್ದು ಕೂಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಎಡಮಗ್ಗುಲೇ ಆಗಬೇಕೆಂಬ ಹಟ ಬೇಡ, ಎಚ್ಚರವಾದಾಗ ಅಂಗಾತವಾಗಿದ್ದರೆ ಗಾಬರಿಯೂ ಬೇಡ, ಮತ್ತೆ ಮಗ್ಗುಲಾದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು, ಬೆನ್ನಿಗೆ ಮಡಿಸಿದ ಒಂದು ಕೌದಿ ಇಟ್ಟುಕೊಂಡು ನಾನು ಒಂಬತ್ತನೆಯ ತಿಂಗಳನ್ನು ದಾಟಿದೆ. ಕೂಸಿನ ಆಟ ಎಂದಿಗಿಂತ ಕಡಿಮೆಯಾದರೆ, ರಕ್ತ ಅಥವಾ ನೀರು ಹೋದರೆ, ತಲೆನೋವಿನೊಂದಿಗೆ ಕಣ್ಣು ಮಂಜಾದರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಬೇಕೆಂಬುದನ್ನು ಅಪ್ಪ ಗೋಡೆಯ ಕ್ಯಾಲೆಂಡರಿನ ಮೇಲೆಯೇ ಬರೆದಿಟ್ಟಿದ್ದರು.

ಇನ್ನು ತೊಟ್ಟಿಲು. ಕಟ್ಟಿಗೆಯ ಕೆಲಸದಲ್ಲಿ ಹೆಸರಿಡುವಂತಿಲ್ಲ. ಜೋಡಣೆಗಳು ಬಿಗಿಯಾಗಿವೆ, ಕೈಯಾಡಿಸಿದರೆ ಎಲ್ಲಿಯೂ ಸಿಬಿರು ಹತ್ತುವುದಿಲ್ಲ. ಕೂಸಿನ ಕಾಲಿನ ಕಡೆಯ ಹಲಗೆಯ ಮೇಲೆ ಬೆಣ್ಣೆಯ ಗಡಿಗೆಗೆ ಕೈ ಹಾಕಿದ ಕೃಷ್ಣ ಕುಳಿತಿದ್ದಾನೆ. ಅವನ ಬೆರಳಿಗೆ ಅಂಟಿದ ಬೆಣ್ಣೆಯನ್ನು ಕಲಾವಿದರು ಒಂದೇ ಬಿಳಿಯ ಚುಕ್ಕೆಯಲ್ಲಿ ಮೂಡಿಸಿದ್ದಾರೆ, ಹತ್ತಿರ ಹೋಗಿ ನೋಡದವರಿಗೆ ಅದು ಕಾಣುವುದೇ ಇಲ್ಲ. ಹಳದಿ, ಕೆಂಪು, ಹಸಿರುಗಳು ಕಣ್ಣಿಗೆ ಹೊಡೆಯದಂತೆ ಕೂತಿವೆ. ಐದು ತಿಂಗಳಲ್ಲಿ ಎಣ್ಣೆಗೈ, ಹಾಲು, ಉಚ್ಚೆ ಎಲ್ಲವನ್ನೂ ಕಂಡಿದೆ. ಒದ್ದೆಬಟ್ಟೆಯಿಂದ ಒರೆಸಿದರೆ ಸಾಕು, ಬಣ್ಣ ಎಲ್ಲಿಯೂ ಎದ್ದಿಲ್ಲ.

ಆದರೆ ಬಣ್ಣದ ಬಗ್ಗೆ ಒಂದು ಪ್ರಶ್ನೆಯನ್ನು ಮಾಡಿಸುವಾಗಲೇ ಕೇಳಬೇಕು. ಹಲ್ಲು ಬರುವ ಹೊತ್ತಿಗೆ ಮಕ್ಕಳು ತೊಟ್ಟಿಲಿನ ಅಂಚನ್ನು ಕಚ್ಚುತ್ತವೆ. ಮನೆಗೆ ಬಳಿಯುವ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷದಲ್ಲಿ 90 ಪಾಲನ್ನು ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅರಗು ಮತ್ತು ಸಾಂಪ್ರದಾಯಿಕ ಬಣ್ಣಗಳಲ್ಲಿಯೇ ಮಾಡುವುದೆಂದರೆ ಯಾವ ಬಣ್ಣ ಯಾವುದರಿಂದ ಬಂದದ್ದು ಎಂದು ಕೇಳಿ ತಿಳಿಯಿರಿ. ಪೇಟೆಯ ಡಬ್ಬಿಯ ಬಣ್ಣ ಸೇರಿಸಿದ್ದರೆ ಡಬ್ಬಿಯನ್ನೇ ತೋರಿಸಲು ಹೇಳಿ. ಹಳೆಯ ತೊಟ್ಟಿಲಿಗೆ ಮೇಲಿಂದ ಮೇಲೆ ಬಳಿಸಿಕೊಂಡು ಬಂದವರು ಈ ಮಾತನ್ನು ಇನ್ನೂ ಹೆಚ್ಚು ಗಮನಿಸಬೇಕು, ಏಕೆಂದರೆ ನಲವತ್ತು ವರ್ಷದ ಹಿಂದಿನ ಪದರದಲ್ಲಿ ಏನಿದೆಯೋ ಯಾರಿಗೂ ನೆನಪಿರುವುದಿಲ್ಲ.

ತೂಗುಹಾಕಿದ ದಿನ ಅಪ್ಪ ಮಾಡಿದ ಎರಡು ಪರೀಕ್ಷೆಗಳನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಮೊದಲನೆಯದು, 25 ಕೆ.ಜಿ.ಯ ಜೋಳದ ಚೀಲವೊಂದನ್ನು ತೊಟ್ಟಿಲಿನಲ್ಲಿಟ್ಟು ಇಡೀ ದಿನ ಬಿಟ್ಟು, ಆಗಾಗ ತೂಗಿ, ಮೇಲಿನ ಕೊಕ್ಕೆಯನ್ನೂ ಸರಪಳಿಯ ಕೊಂಡಿಗಳನ್ನೂ ನೋಡಿದ್ದು. ನಾಮಕರಣದಲ್ಲಿ ಕೂಸಿಗಿಂತ ಮೊದಲು ಗುಂಡಪ್ಪನನ್ನು (ರುಬ್ಬುವ ಗುಂಡುಕಲ್ಲನ್ನು) ತೊಟ್ಟಿಲಿಗೆ ಹಾಕುವ ನಮ್ಮ ಶಾಸ್ತ್ರ ಇದನ್ನೇ ಸಣ್ಣದಾಗಿ ಮಾಡುತ್ತದೆಯೇನೋ ಎಂದು ಆಗ ನನಗೆ ಅನ್ನಿಸಿತು. ಎರಡನೆಯದು, ಹಾಸಿಗೆ ಹಾಸುವ ಮುಂಚೆ ತಳದ ಹಲಗೆಯ ನಡುವೆ ಒಂದು ಗಾಜಿನ ಗೋಲಿಯನ್ನು ಇಟ್ಟಿದ್ದು. ಗೋಲಿ ನಿಲ್ಲದೆ ತಲೆಯ ಕಡೆಗೆ ಉರುಳಿ ಮೂಲೆಗೆ ಸೇರಿತು. ನೋಡಿದರೆ ನಾಲ್ಕು ಸರಪಳಿಗಳಲ್ಲಿ ಒಂದಕ್ಕೆ ಒಂದು ಕೊಂಡಿ ಹೆಚ್ಚಿತ್ತು. ಬರಿಗಣ್ಣಿಗೆ ಕಾಣದ ಈ ಓರೆಯಿಂದ ಏನಾಗುತ್ತದೆಂದು ನಗಬೇಡಿ. ಕುತ್ತಿಗೆ ನಿಲ್ಲದ ಕೂಸು ಇಳಿಜಾರಿನಲ್ಲಿ ಜಾರಿ ಬದಿಯ ಹಲಗೆಗೆ ಮುಖ ಒತ್ತಿಕೊಳ್ಳಬಹುದು, ಗದ್ದ ಎದೆಗೆ ತಾಗಿ ಉಸಿರಿಗೆ ತೊಡಕಾಗಬಹುದು. ಹಸುಗೂಸು ಮಲಗುವ ಜಾಗ ಸಪಾಟಾಗಿಯೂ ಗಟ್ಟಿಯಾಗಿಯೂ ಇರಬೇಕೆಂಬುದನ್ನು ಮಕ್ಕಳ ವೈದ್ಯರು ಒಂದೇ ದನಿಯಲ್ಲಿ ಹೇಳುತ್ತಾರೆ. ಅಂಗಡಿಯವರಿಗೆ ಫೋನ್‌ ಮಾಡಿದಾಗ ನಾಳೆ ಬರುತ್ತೇವೆ ಎಂದರು. ಆ ನಾಳೆ ಬರಲೇ ಇಲ್ಲ, ಓಣಿಯ ಬಡಿಗೇರರೇ ಬಂದು ಸರಿಮಾಡಿಕೊಟ್ಟರು. ಇಷ್ಟು ಹಣ ಪಡೆದವರು ತೂಗುಹಾಕಿ ಮಟ್ಟ ನೋಡಿ ಹೋಗುವುದನ್ನು ಕೆಲಸದ ಭಾಗವೆಂದೇ ತಿಳಿಯಬೇಕಿತ್ತು.

ಬದಿಯ ಕಡೆದ ಕಡ್ಡಿಗಳ ನಡುವಿನ ಅಂತರವನ್ನೂ ಅಳೆಯಿರಿ. ಅದು 6 ಸೆಂ.ಮೀ. ಮೀರಿದರೆ ಕೂಸಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳುವ ಅಪಾಯವಿದೆ. ನಮ್ಮದರಲ್ಲಿ ಅಂತರ ಕಡಿಮೆ ಇತ್ತು.

ಎತ್ತರದ ಮಾತನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ. ನನ್ನದು ಸಿಸೇರಿಯನ್‌ ಹೆರಿಗೆ. ಸೊಂಟ ಬಗ್ಗಿಸಿ ಕೂಸನ್ನು ಎತ್ತಿಕೊಳ್ಳುವುದು ಮೊದಲ ಮೂರು ವಾರ ಹೊಲಿಗೆಯನ್ನೇ ಕೀಳುವಂತಹ ನೋವು. ಹಳೆಯ ರೂಢಿಯಂತೆ ತೊಟ್ಟಿಲನ್ನು ನೆಲದಿಂದ ಗೇಣೆತ್ತರಕ್ಕೆ, ಕೆಳಗೆ ಚಾಪೆಯ ಮೇಲೆ ಕೂತವರ ಕೈಗೆ ಸಿಗುವಂತೆ ಕಟ್ಟಿದ್ದರು. ಮಂಚದ ಅಂಚಿನ ಮಟ್ಟಕ್ಕೆ ತೊಟ್ಟಿಲಿನ ತಳ ಬರುವಂತೆ ಸರಪಳಿಯನ್ನು ಮೇಲೆತ್ತಿಸಿದ ಮೇಲೆ ಕೂತಲ್ಲಿಂದಲೇ ಕೂಸನ್ನು ಎತ್ತಿಕೊಳ್ಳಲು ಬಂತು. ತವರಿನ ಮನೆ ಹಳೆಯದಾದ್ದರಿಂದ ಸಾಗವಾನಿ ತೊಲೆಗೆ ಕೊಕ್ಕೆ ಹೊಡೆಯುವುದು ಕಷ್ಟವಾಗಲಿಲ್ಲ. ಹಾವೇರಿಯ ಆರ್‌ಸಿಸಿ ಮನೆಯಲ್ಲಿ ಫ್ಯಾನಿನ ಕೊಕ್ಕೆಯೊಂದೇ ಇತ್ತು. ಸದಾ ತೂಗಾಡುವ ಭಾರವನ್ನು ಅದು ತಾಳುತ್ತದೆಂದು ನಂಬಿಕೊಂಡು ಕೂಡುವುದು ಸರಿಯಲ್ಲವೆಂದು ಅಲ್ಲಿಗೆ ಕಬ್ಬಿಣದ ಸ್ಟ್ಯಾಂಡ್‌ ಮಾಡಿಸಿದೆವು.

ತೊಟ್ಟಿಲಿನ ಒಳಗೆ ಏನನ್ನು ಹಾಕುತ್ತೀರಿ ಎಂಬುದು ತೊಟ್ಟಿಲಿಗಿಂತ ದೊಡ್ಡ ವಿಷಯ, ನಮ್ಮ ಮನೆಯಲ್ಲಿ ಅತಿ ಹೆಚ್ಚು ಚರ್ಚೆಯಾಗಿದ್ದೂ ಅದೇ. ಆಯಿ ತಿಂಗಳ ಮುಂಚೆಯೇ ಸಾಸಿವೆಯ ದಿಂಬು ಹೊಲಿದಿಟ್ಟಿದ್ದರು, ತಲೆ ದುಂಡಗಾಗಲಿ ಎಂದು. ಅವ್ವ ನಾಲ್ಕು ಮಡಿಕೆಯ ಹತ್ತಿಯ ಹಾಸಿಗೆ ಮಾಡಿಸಿದ್ದಳು. ಸೋದರತ್ತೆ ಕುಂಚಿಗೆ, ಸ್ವೆಟರು, ಮೇಲೊಂದು ಉಣ್ಣೆಯ ಶಾಲು ತಂದಿದ್ದರು. ಎಲ್ಲವನ್ನೂ ಹಾಕಿದ ಮೇಲೆ ಕೂಸಿನ ಮೂಗಿನ ತುದಿಯಷ್ಟೇ ಕಾಣುತ್ತಿತ್ತು. ಆಸ್ಪತ್ರೆಯಿಂದ ಬಿಡುವ ದಿನ ನರ್ಸ್‌ ಹೇಳಿದ್ದು ಇದಕ್ಕೆ ಪೂರ್ತಿ ವಿರುದ್ಧವಾಗಿತ್ತು: ಕೂಸನ್ನು ಪ್ರತಿ ಸಲವೂ, ಹಗಲಿನ ಸಣ್ಣ ನಿದ್ದೆಗೂ, ಅಂಗಾತವೇ ಮಲಗಿಸಬೇಕು, ಒಂದು ವರ್ಷದವರೆಗೆ ದಿಂಬು ಬೇಡ, ಸಡಿಲ ಹೊದಿಕೆ ಬೇಡ, ಮೆತ್ತನೆಯ ಗೊಂಬೆ ಬೇಡ. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸಿರೆಂಬ ಪ್ರಚಾರ ನಡೆದ ಮೇಲೆ, ಕಾರಣ ತಿಳಿಯದೆ ನಿದ್ದೆಯಲ್ಲಿಯೇ ತೀರಿಕೊಳ್ಳುತ್ತಿದ್ದ ಹಸುಗೂಸುಗಳ ಸಂಖ್ಯೆ ಹತ್ತು ವರ್ಷದೊಳಗೆ ಸುಮಾರು ಅರ್ಧಕ್ಕೆ ಇಳಿಯಿತು. ಅಂಗಾತ ಮಲಗಿದರೆ ಕಕ್ಕಿದ ಹಾಲು ನೆತ್ತಿಗೇರುತ್ತದೆ ಎಂಬ ಆಯಿಯ ಭಯಕ್ಕೂ ಉತ್ತರವಿತ್ತು: ಆ ಭಂಗಿಯಲ್ಲಿ ಶ್ವಾಸನಾಳ ಮೇಲೆಯೂ ಅನ್ನನಾಳ ಕೆಳಗೂ ಇರುವುದರಿಂದ ಕಕ್ಕಿದ್ದು ಉಸಿರಿನ ದಾರಿಗೆ ಏರಿ ಬರಬೇಕಾಗುತ್ತದೆ, ಅಷ್ಟು ಸುಲಭವಾಗಿ ಇಳಿಯುವುದಿಲ್ಲ.

ಆಯಿಯನ್ನು ಒಪ್ಪಿಸಿದ್ದು ವಾದವಲ್ಲ, ತಲೆಯ ಆಕಾರಕ್ಕೆ ಸಿಕ್ಕ ಬೇರೆ ದಾರಿ. ನಮ್ಮ ಕೋಣೆಯ ಕಿಟಕಿ ಒಂದೇ ಕಡೆ ಇರುವುದರಿಂದ ಕೂಸು ಸದಾ ಬೆಳಕಿನತ್ತಲೇ ತಲೆ ಹೊರಳಿಸುತ್ತಿತ್ತು, ಆ ಬದಿಯ ತಲೆಯೇ ಚಪ್ಪಟೆಯಾಗತೊಡಗಿತ್ತು. ದಿನ ಬಿಟ್ಟು ದಿನ ತಲೆಯನ್ನು ತೊಟ್ಟಿಲಿನ ಆ ತುದಿಗೊಮ್ಮೆ ಈ ತುದಿಗೊಮ್ಮೆ ಹಾಕಿದೆವು. ಎಚ್ಚರವಿದ್ದಾಗ, ನಾವು ಎದುರು ಕೂತು, ಸ್ವಲ್ಪ ಹೊತ್ತು ಬೋರಲು ಹಾಕುವುದನ್ನು ರೂಢಿಸಿದೆವು. ತಿಂಗಳೊಳಗೆ ತಲೆ ದುಂಡಗಾದದ್ದನ್ನು ಆಯಿಯೇ ಎಲ್ಲರಿಗೂ ತೋರಿಸಿದರು. ಒಂದು ಮಧ್ಯಾಹ್ನ ಅವರು ಕಣ್ಣಿಗೆ ಚಾಳೀಸು ಏರಿಸಿಕೊಂಡು, ದಿಂಬಿನ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿ, ಸಾಸಿವೆಯನ್ನು ಮೊರದಲ್ಲಿ ಹಸನು ಮಾಡಿ ಒಗ್ಗರಣೆಯ ಡಬ್ಬಿಗೆ ಸುರಿದರು. ಹಾಸಿಗೆಯ ವಿಷಯದಲ್ಲಿ ಕೌದಿ ನಮ್ಮನ್ನು ಕಾಪಾಡಿತು. ಒತ್ತೊತ್ತಾಗಿ ಹೊಲಿದ ತೆಳುವಾದ ಹಳೆಯ ಕೌದಿಯನ್ನು ತಳದ ಹಲಗೆಯ ಅಳತೆಗೆ ಸರಿಯಾಗಿ ಮಡಿಸಿ, ಅದರ ಮೇಲೆ ಬಿಗಿಯಾಗಿ ಬಟ್ಟೆ ಸುತ್ತಿದರೆ ಬೇಕಾದ ಗಟ್ಟಿತನ ಬರುತ್ತದೆ. ಅಂಗೈ ಒತ್ತಿ ತೆಗೆದಾಗ ಗುಳಿ ಉಳಿಯಬಾರದು, ಬದಿಯಲ್ಲಿ ಎರಡು ಬೆರಳು ತೂರುವಷ್ಟೂ ಸಂದಿ ಇರಬಾರದು. ಕುಂಚಿಗೆ ಹೊರಗೆ ಹೋಗುವಾಗ ಸರಿ. ಮನೆಯೊಳಗೆ ಮಲಗಿಸುವಾಗ ತೆಗೆಯಬೇಕು, ಏಕೆಂದರೆ ಕೂಸು ಮೈಯ ಶಾಖವನ್ನು ಹೆಚ್ಚಾಗಿ ತಲೆಯಿಂದಲೇ ಬಿಡುತ್ತದೆ. ತೊಟ್ಟಿಲಿನೊಂದಿಗೆ ಬಂದ ಕಟ್ಟಿಗೆಯ ಗಿಳಿಗಳನ್ನೂ ಗೆಜ್ಜೆಯ ಸರವನ್ನೂ ಕೂಸಿನ ಮುಖದ ನೇರಕ್ಕೆ ಕಟ್ಟದೆ ಕಾಲಿನ ಕಡೆಗೆ, ಕೈಗೆಟುಕದಷ್ಟು ಮೇಲೆ ಕಟ್ಟಿದೆವು.

ಮಲಗಿಸುವುದರಲ್ಲಿ ತೊಟ್ಟಿಲಿಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಜಪಾನಿನ ರಿಕೆನ್‌ ಸಂಸ್ಥೆಯ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಳುವ ಕೂಸನ್ನು ಎತ್ತಿಕೊಂಡು ಬರಿದೆ ಕೂತಾಗ ಆಗದ ಪರಿಣಾಮ ಎತ್ತಿಕೊಂಡು ನಡೆದಾಗ ಆಗುತ್ತದೆ, ಚಲಿಸುವ ತೊಟ್ಟಿಲಿನಲ್ಲಿಯೂ ಅಂತಹುದೇ ಪರಿಣಾಮ ಕಾಣುತ್ತದೆ ಎಂದು ಕಂಡುಕೊಂಡಿದ್ದಾರೆ. ಐದು ನಿಮಿಷ ನಿಲ್ಲದೆ ನಡೆದು, ನಿದ್ದೆ ಹತ್ತಿದ ಮೇಲೆ ಐದರಿಂದ ಎಂಟು ನಿಮಿಷ ಮಡಿಲಲ್ಲಿಯೇ ಇಟ್ಟುಕೊಂಡು, ಆಮೇಲೆ ಮಲಗಿಸಿರಿ ಎಂಬುದು ಅವರ ಸಲಹೆ. ನಾನು ದೇವರ ಜಗುಲಿಯಿಂದ ಅಡುಗೆಮನೆಯ ಹೊಸ್ತಿಲವರೆಗೆ ನಡೆದು, ಮಂಚದ ಮೇಲೆ ಕೂತು, ಗಡಿಯಾರ ನೋಡಿ ಎಂಟು ನಿಮಿಷ ಕಳೆದು, ತೊಟ್ಟಿಲಿಗೆ ಇಳಿಸುತ್ತಿದ್ದೆ. ಇಳಿಸುವಾಗ ತಟಕ್ಕನೆ ಕಣ್ಣು ತೆರೆಯುವ ಕೂಸಿಗೆ ನಾಲ್ಕಾರು ಸಣ್ಣ ತೂಗಾಟ ಸಾಕಾಗುತ್ತಿತ್ತು. ಅಲುಗದ ಹಾಸಿಗೆಯಲ್ಲಿ ಈ ಅನುಕೂಲ ಇರುವುದಿಲ್ಲ. ಹತ್ತು ರಾತ್ರಿಗಳಲ್ಲಿ ಆರೇಳು ರಾತ್ರಿ ಇದು ನಡೆಯಿತು, ಉಳಿದವುಗಳಲ್ಲಿ ಯಾವುದೂ ನಡೆಯಲಿಲ್ಲ.

ತೂಗಾಟ ಸಣ್ಣದಿರಬೇಕು. ಚಿತ್ರ ಬರೆದ ಹಿರಿಯರು ಅಂದೇ ಹೇಳಿದ್ದರು: “ಅಕ್ಕಾರ, ತೊಟ್ಟಲ ತೂಗೂದು ಕೂಸಿಗೆ ನಿದ್ದಿ ಬರ್ಲಿ ಅಂತ್ರೀ, ಜೋಕಾಲಿ ಆಡ್ಲಿ ಅಂತ ಅಲ್ಲ.” ಅಕ್ಕನ ಮಕ್ಕಳು ಬಂದಾಗ ಈ ಮಾತನ್ನು ಕಾಪಾಡುವುದೇ ಒಂದು ಕೆಲಸ. ಅವ್ವನ ಕಾಲದಲ್ಲಿ ತೊಟ್ಟಿಲಿನ ಹಗ್ಗವನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಮಲಗಿದಲ್ಲಿಯೇ ತೂಗುತ್ತಿದ್ದರಂತೆ. ನಾನೂ ಎರಡು ರಾತ್ರಿ ಕಟ್ಟಿಕೊಂಡೆ. ಎರಡನೆಯ ರಾತ್ರಿ ನಿದ್ದೆಗಣ್ಣಿನಲ್ಲಿ ಕಾಲು ಮಡಚಿದಾಗ ತೊಟ್ಟಿಲು ಜೋರಾಗಿ ವಾಲಿ ಮಂಚಕ್ಕೆ ಬಡಿಯಿತು, ಕೂಸು ಬೆಚ್ಚಿ ಅತ್ತಿತು, ಹಗ್ಗವನ್ನು ಅಲ್ಲಿಗೇ ಬಿಚ್ಚಿಹಾಕಿದೆ. ಆಮೇಲೆ ಬಡಿಗೇರರಿಂದ ಮಂಚದ ಕಾಲಿಗೆ ಒಂದು ಗೂಟ ಹೊಡೆಸಿ, ತೊಟ್ಟಿಲನ್ನು ಅದಕ್ಕೆ ಕೊಂಡಿಯಿಂದ ಸಿಕ್ಕಿಸುವ ವ್ಯವಸ್ಥೆ ಮಾಡಿಕೊಂಡೆವು. ದೊಡ್ಡವರೊಬ್ಬರು ಎಚ್ಚರವಿರುವಾಗ ಮಾತ್ರ ತೂಗುವುದು; ನಾವು ಮಲಗುವ ಮುಂಚೆ ಕೊಂಡಿ ಹಾಕಿ ಅಲುಗದಂತೆ ಮಾಡುವುದು. ಆಗ ಅದು ನನ್ನ ಮಂಚಕ್ಕೆ ತಾಗಿದ, ಸಪಾಟಾದ, ಕೂಸಿಗೆ ಪ್ರತ್ಯೇಕವಾದ ಹಾಸಿಗೆಯಾಗುತ್ತದೆ. ಮೊದಲ ಆರು ತಿಂಗಳಾದರೂ ತಾಯಿಯ ಕೋಣೆಯಲ್ಲಿಯೇ, ಆದರೆ ಬೇರೆ ಹಾಸಿಗೆಯಲ್ಲಿ ಮಲಗಿಸಿ ಎನ್ನುವ ವೈದ್ಯರ ಮಾತಿಗೂ ಇದು ಹೊಂದುತ್ತದೆ. ತಯಾರಕರು ಈ ಕೊಂಡಿಯನ್ನು ತಾವೇ ಇಟ್ಟು ಕೊಡಬೇಕೆಂಬುದು ನನ್ನ ಒತ್ತಾಯ.

ಇನ್ನು ಈ ತೊಟ್ಟಿಲಿನ ನಿಜವಾದ ದೋಷಕ್ಕೆ ಬರುತ್ತೇನೆ. ಅದು ಅದರ ಗುಣವೇ ಆಗಿದೆ. ಅದು ತೀರಾ ಚೆನ್ನಾಗಿ ಮಲಗಿಸುತ್ತದೆ. ನಮ್ಮದು ಬಳಕೆಗೆ ಬರುವ ಮುಂಚೆ ಹತ್ತಿರದ ಬಂಧುಗಳ ಹಳೆಯ ತೊಟ್ಟಿಲನ್ನು ತಂದು ಮೊದಲ ವಾರದಿಂದಲೇ ತೂಗುತ್ತಿದ್ದೆವು. ಕೂಸು ಕುಂಯ್‌ ಎಂದರೆ ಸಾಕು, ಯಾರಾದರೊಬ್ಬರು ತೂಗುತ್ತಿದ್ದರು. ಬಾಣಂತಿಗೆ ವಿಶ್ರಾಂತಿ ಸಿಗಲಿ ಎಂಬ ಪ್ರೀತಿಯಿಂದಲೇ. ಮನೆಗೆ ಬರುವವರೆಲ್ಲ ಎಷ್ಟು ಶಾಂತ ಕೂಸು ಎಂದು ಹೊಗಳುತ್ತಿದ್ದರು. ಹುಟ್ಟಿದ 14ನೆಯ ದಿನ ಆಶಾ ಕಾರ್ಯಕರ್ತೆ ಬಂದು ತೂಕದ ಜೋಳಿಗೆಯಲ್ಲಿ ಕೂಸನ್ನು ಹಾಕಿ ನೋಡಿದರೆ ಹುಟ್ಟಿದಾಗಿನ ತೂಕಕ್ಕೂ ಇನ್ನೂ ಬಂದಿರಲಿಲ್ಲ. ಮೊದಲ ಕೆಲವು ದಿನ ತೂಕ ಇಳಿಯುವುದು ಸಹಜ, ಆದರೆ ಎರಡು ವಾರದ ಹೊತ್ತಿಗೆ ಅದು ಮರಳಿ ಬರಬೇಕು. ಅವರು ದಿನಕ್ಕೆ ಎಷ್ಟು ಸಲ ಹಾಲುಣಿಸುತ್ತೀರಿ, ಎಷ್ಟು ಸಲ ಉಚ್ಚೆ ಹೊಯ್ಯುತ್ತದೆ ಎಂದು ಕೇಳಿದರು. ಬೆರಳು ಮಡಚಿ ಎಣಿಸಿದೆ. ಹಾಲು ಆರು ಸಲ, ಉಚ್ಚೆ ನಾಲ್ಕು ಸಲ. ಅವರು ತೊಟ್ಟಿಲಿನತ್ತ ನೋಡಿ, “ಹಸುವಾಗಿ ಅತ್ತ ಕೂಸಿನ್ನ ತೂಗಿ ಮಲಗಸ್ಲಿಕ್ಕೆ ಹತ್ತೀರೇನವಾ?” ಎಂದರು.

ಹುಟ್ಟಿದ ಕೂಸು ದಿನಕ್ಕೆ 14ರಿಂದ 17 ಗಂಟೆ ಮಲಗುತ್ತದೆ ನಿಜ, ಆದರೆ ತುಂಡುತುಂಡಾಗಿ. 24 ಗಂಟೆಯಲ್ಲಿ 8ರಿಂದ 12 ಸಲ ಎದೆಹಾಲು ಕುಡಿಯಬೇಕು, ಐದನೆಯ ದಿನದ ನಂತರ ಕನಿಷ್ಠ ಆರು ಸಲ ಉಚ್ಚೆ ಹೊಯ್ಯಬೇಕು. ಬಾಯಿಯನ್ನು ಆ ಕಡೆ ಈ ಕಡೆ ತಿರುಗಿಸುವುದು, ಮುಷ್ಟಿಯನ್ನು ಚೀಪುವುದು ಹಸಿವಿನ ಮೊದಲ ಮಾತು, ಅಳು ಕೊನೆಯದು. ಆ ಮೊದಲ ಮಾತನ್ನು ತೊಟ್ಟಿಲಿನ ತೂಗಾಟ ಅಡಗಿಸಿಬಿಡುತ್ತಿತ್ತು. ಅಂದಿನಿಂದ ಮನೆಯಲ್ಲಿ ಒಂದು ಕ್ರಮ ಬಂತು: ಕೂಸು ಎದ್ದಿತೆಂದರೆ ಮೊದಲು ನನ್ನ ಕೈಗೆ, ಹಾಲು ಕುಡಿದು ತೇಗಿದ ಮೇಲೆ ತೊಟ್ಟಿಲಿಗೆ, ಹುಟ್ಟಿದಾಗಿನ ತೂಕ ಬರುವವರೆಗೆ ಮೂರು ಗಂಟೆ ದಾಟಿದರೆ ಮಲಗಿದ್ದರೂ ಎಬ್ಬಿಸಿ ಕುಡಿಸುವುದು. ಮುಂದಿನ ಭೇಟಿಗೆ, 21ನೆಯ ದಿನಕ್ಕೆ, ತೂಕ ಹಾದಿಗೆ ಬಂದಿತ್ತು. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು 3, 7, 14, 21, 28 ಮತ್ತು 42ನೆಯ ದಿನ ಹೀಗೆ ಆರು ಸಲ ಬರುತ್ತಾರೆ. ತವರಿಗೆ ಬಂದವರು ತವರಿನ ಓಣಿಯ ಆಶಾ ಅವರಿಗೆ ಮೊದಲೇ ತಿಳಿಸಿರಬೇಕು, ಇಲ್ಲದಿದ್ದರೆ ಅವರ ಪಟ್ಟಿಯಲ್ಲಿ ನಿಮ್ಮ ಹೆಸರೇ ಇರುವುದಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪೂ ಇದೆ. ಹಸುಗೂಸಿನ ನಿದ್ದೆಯಲ್ಲಿ ಸುಮಾರು ಅರ್ಧ ಭಾಗ ಕದಲುವ ನಿದ್ದೆ. ಅದರಲ್ಲಿ ಅದು ಮುಲುಗುತ್ತದೆ, ಮುಖ ಹಿಂಡುತ್ತದೆ, ಕೈಕಾಲು ಜಾಡಿಸುತ್ತದೆ. ಅದು ಎಚ್ಚರವಲ್ಲ. ಸದ್ದಾದೊಡನೆ ತೂಗಿದರೆ ಅಥವಾ ಎತ್ತಿದರೆ ಮಲಗಿದ್ದನ್ನು ನಾವೇ ಎಬ್ಬಿಸಿದಂತಾಗುತ್ತದೆ. ಒಂದು ನಿಮಿಷ ಸುಮ್ಮನೆ ನೋಡುವುದನ್ನು ಕಲಿಯಲು ನನಗೆ ಎರಡು ತಿಂಗಳು ಬೇಕಾಯಿತು. ಹಗಲುರಾತ್ರಿಯ ಲೆಕ್ಕ ಕೂಸಿಗೆ ಸಿಗುವುದೂ ಎರಡು ಮೂರು ತಿಂಗಳಿಗೆ. ಅಲ್ಲಿಯವರೆಗೆ ಹಗಲಿನಲ್ಲಿ ಕಿಟಕಿ ತೆರೆದು ಮನೆಯ ಮಾತುಕತೆಯ ನಡುವೆ, ರಾತ್ರಿ ಮಂದ ಬೆಳಕಿನಲ್ಲಿ ಮಾತಿಲ್ಲದೆ ಹಾಲುಣಿಸುವುದಷ್ಟೇ ನಮ್ಮ ಕೈಯಲ್ಲಿರುವುದು.

ಕೂಸಿಗೆ ನೀರೆರೆದ ಮೇಲೆ ತೊಟ್ಟಿಲಿನ ಕೆಳಗೆ ಕೆಂಡದ ಬುಟ್ಟಿಯಿಟ್ಟು ಲೋಬಾನದ ಹೊಗೆ ಕೊಡುವ ರೂಢಿಯನ್ನು ಮಾತ್ರ ನಾವು ಚರ್ಚೆಯಿಲ್ಲದೆ ಕೈಬಿಟ್ಟೆವು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡದಿಂದ ಬರುವ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಟ್ಟಿಗೆಯ ತೊಟ್ಟಿಲಿನ ಕೆಳಗೆ ಬೆಂಕಿ ಇಡುವುದರ ಬಗ್ಗೆ ಬೇರೆ ಹೇಳಬೇಕಾಗಿಲ್ಲ.

ಬೆಲೆಯ ಮಾತು. ನಾವು ಕೊಟ್ಟ ಹಣದಲ್ಲಿ ಹೊಸ ಸ್ಕೂಟರ್‌ ಒಂದು ಬರುತ್ತಿತ್ತು. ಒಂದೇ ಕೂಸಿಗಾಗಿ, ಐದು ತಿಂಗಳಿಗಾಗಿ ಎಂದು ಲೆಕ್ಕ ಹಾಕಿದರೆ ಇದು ಯಾವ ರೀತಿಯಲ್ಲಿಯೂ ಸಮರ್ಥನೀಯವಲ್ಲ. ಬಳಗದಲ್ಲಿ ಮುಂದೆ ನಾಲ್ಕಾರು ಹೆರಿಗೆಗಳಿರುವ ಮನೆಯವರು ಸೇರಿ ಮಾಡಿಸಿದರೆ ಒಪ್ಪಬಹುದು. ಯಾರಲ್ಲಾದರೂ ಹಳೆಯದಿದ್ದರೆ ಕೇಳಿ ತರುವುದು ಎಲ್ಲಕ್ಕಿಂತ ಜಾಣತನ, ಅದಕ್ಕೆ ಇಲ್ಲಿ ಯಾರೂ ನಾಚಿಕೊಳ್ಳುವುದಿಲ್ಲ. ಸೀರೆಯ ಜೋಲಿ ಖರ್ಚಿಲ್ಲದ್ದು, ನಿದ್ದೆಯೂ ಬೇಗ ಬರುತ್ತದೆ. ಆದರೆ ಅದರಲ್ಲಿ ಕೂಸಿನ ಬೆನ್ನು ಬಿಲ್ಲಾಗಿ ಗದ್ದ ಎದೆಗೆ ತಾಗುವುದರಿಂದ ರಾತ್ರಿಯ ನಿದ್ದೆಗೆ ನಾನು ಒಪ್ಪುವುದಿಲ್ಲ. ತಾನೇ ತೂಗುವ ವಿದ್ಯುತ್‌ ತೊಟ್ಟಿಲನ್ನು ಕೊಪ್ಪೀಕರ ರಸ್ತೆಯ ಅಂಗಡಿಯೊಂದರಲ್ಲಿ ನೋಡಿದ್ದೆ. ಕೂಸಿನ ಹಸಿವು ಕೇಳಿಸದ ತೊಂದರೆ ಅದರಲ್ಲಿ ಇನ್ನೂ ಹೆಚ್ಚಾದೀತು ಎನ್ನಿಸಿ ಬಿಟ್ಟು ಬಂದೆ.

ಕಳೆದ ವಾರ ಮಗಳು ಮಗ್ಗುಲಾಗಿ, ತೊಟ್ಟಿಲಿನ ಅಂಚನ್ನು ಹಿಡಿದು ಎದೆ ಎತ್ತಲು ನೋಡಿದಳು. ಕೂಸು ಹೊರಳಲು ಅಥವಾ ಕೈಯೂರಿ ಏಳಲು ತೊಡಗಿದ ದಿನವೇ ತೂಗುತೊಟ್ಟಿಲಿನ ಕೆಲಸ ಮುಗಿಯುತ್ತದೆ. ಅವತ್ತೇ ಕೆಳಗಿಳಿಸಿ, ಹಲಗೆಗಳನ್ನು ಬಿಚ್ಚಿ, ಅಪ್ಪನ ಹಳೆಯ ಧೋತರದಲ್ಲಿ ಒಂದೊಂದನ್ನೇ ಸುತ್ತಿದೆವು. ಗದಗಿನಲ್ಲಿರುವ ಚಿಕ್ಕಮ್ಮನ ಮಗಳಿಗೆ ಈಗ ಏಳನೆಯ ತಿಂಗಳು. ಬರುವ ಅಮಾವಾಸ್ಯೆ ಕಳೆದ ಮೇಲೆ ಅಲ್ಲಿಗೆ ಹೋಗಲಿದೆ. ಕೊಕ್ಕೆ, ಕೊಂಡಿಗಳನ್ನು ಒಂದು ಡಬ್ಬಿಯಲ್ಲಿ ಹಾಕಿ, ತಳದ ಹಲಗೆಯ ಅಳತೆಯನ್ನೂ ಹಾಲಿನ ಹೊತ್ತುಗಳನ್ನು ಗುರುತು ಹಾಕಲು ಒಂದು ಚಿಕ್ಕ ನೋಟ್‌ಬುಕ್ಕನ್ನೂ ಜೊತೆಗಿಟ್ಟಿದ್ದೇನೆ. ಗೋಲಿಯನ್ನೂ.